ಬಿಯರ್ಡೆಡ್ ಡ್ರ್ಯಾಗನ್ ಗೂಡಿನ ಬಿಸಿ ಸರಿಹೋದದ್ದು ಹೀಗೆ

ಮೆಲ್ಬರ್ನ್ ಚಳಿ ಶುರುವಾದದ್ದೇ ನಮ್ಮ ಬಿಯರ್ಡೆಡ್ ಡ್ರ್ಯಾಗನ್ (ಗಾಜಿನ ಗೂಡಿನಲ್ಲಿ ಸಾಕಿರುವ ಹಲ್ಲಿ) ಹುಳ ಮುಟ್ಟುವುದನ್ನೇ ಬಿಟ್ಟಿತು. ಮೈ ಕಪ್ಪಗೆ ಮಾಡಿಕೊಂಡು ಲೈಟಿನಡಿ ಬಿದ್ದಿರುತ್ತಿತ್ತು. ಗಾಜಿಗೆ ಅಂಟಿಸಿದ್ದ ಥರ್ಮಾಮೀಟರ್ ಮಾತ್ರ ಎಲ್ಲ ಸರಿ ಅನ್ನುತ್ತಿತ್ತು. ಅದು ಹೇಳುವುದು ಗಾಜಿನ ಪಕ್ಕದ ಕಥೆ ಅಷ್ಟೇ! ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಹಿಡಿದು ನೋಡಿದರೆ, ಮಲಗುವ ಕಲ್ಲು ಬರೀ 31 ಡಿಗ್ರಿ. ಬೇಕಾದದ್ದು 40ರ ಆಸುಪಾಸು. ಕೆಂಪು ಬಲ್ಬ್ ಕಿತ್ತು ಹ್ಯಾಲೊಜೆನ್ ಹಾಕಿ, ಬಿಸಿ ನೋಡಿಕೊಂಡು ಬಲ್ಬನ್ನು ತಗ್ಗಿಸಿ ಏರಿಸುವ ಡಿಮ್ಮಿಂಗ್ ಥರ್ಮೋಸ್ಟಾಟ್‌ಗೆ ಕೊಟ್ಟೆ. ಗೂಡಿನ ತಂಪು ತುದಿ 25ರಲ್ಲೇ ಉಳಿಯಿತು. ವಾರದೊಳಗೆ ಹುಳಕ್ಕೆ ಹಾರತೊಡಗಿತು.

ಯುವಿಬಿ (ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ) ಕೊಡುವ ಟ್ಯೂಬ್ ದೀಪ ಗೂಡಿನ ಜಾಲರಿಯ ಮೇಲಿತ್ತು. ಜಾಲರಿ ಒಂದಷ್ಟು ಯುವಿಬಿ ತಿಂದುಹಾಕುತ್ತದೆ, ಗಾಜಂತೂ ಬಹುಪಾಲು ಬಿಡುವುದೇ ಇಲ್ಲ. ಹಾಗಾಗಿ ಟ್ಯೂಬನ್ನು ಒಳಗೇ, ಕಲ್ಲಿನಿಂದ ಒಂದಡಿಗಿಂತ ತುಸು ಮೇಲೆ ಕಟ್ಟಿದೆ. ರಾತ್ರಿ ಎಲ್ಲ ದೀಪ ಆಫ್. ಟ್ಯೂಬ್ ಉರಿಯುತ್ತಿದ್ದರೂ ಯುವಿಬಿ ಕುಗ್ಗುತ್ತಾ ಹೋಗುವುದರಿಂದ ವರ್ಷಕ್ಕೊಮ್ಮೆ ಬದಲಿಸಬೇಕು. ಅದರ ತುದಿಯಲ್ಲೇ ಮಾರ್ಕರಿನಿಂದ ತಾರೀಖು ಬರೆದಿಟ್ಟಿದ್ದೇನೆ.