ಘಟ್ಟದ ದಾರಿಯಲ್ಲಿ ಮೋಟಾರ್‌ಹೋಮ್‌ನ ಕ್ರೂಸ್ ಕಂಟ್ರೋಲ್

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಸಾಗುವ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ವಾಹನ ದಟ್ಟಣೆ ಕಡಿಮೆಯಿದ್ದಾಗ ಮೋಟಾರ್‌ಹೋಮ್‌ನಲ್ಲಿ (ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಮನೆಯಂಥ ಗಾಡಿ) ಕ್ರೂಸ್ ಕಂಟ್ರೋಲ್, ಅಂದರೆ ಆಕ್ಸಿಲರೇಟರ್ ಒತ್ತದೆಯೇ ಗಾಡಿಯನ್ನು ನಿಗದಿಪಡಿಸಿದ ವೇಗದಲ್ಲಿ ಓಡಿಸುವ ವ್ಯವಸ್ಥೆಯನ್ನು ಬಳಸಬಹುದು. ಆದರೆ ಯಲ್ಲಾಪುರ ದಾಟಿ ಅಂಕೋಲೆಯತ್ತ ಅರಬೈಲ್ ಘಟ್ಟ ಇಳಿಯುವ ಮುನ್ನ ಅದನ್ನು ತಪ್ಪದೆ ಬಂದ್ ಮಾಡಬೇಕು. ಸಾಮಾನ್ಯ ಕ್ರೂಸ್ ಕಂಟ್ರೋಲ್ ಎಂಜಿನ್ನಿನ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುತ್ತದೆಯೇ ಹೊರತು ಬ್ರೇಕ್ ಹಾಕುವುದಿಲ್ಲ. ಆದ್ದರಿಂದ ಹಾಸಿಗೆ, ಅಡುಗೆ ಸಾಮಾನು, ತುಂಬಿದ ನೀರಿನ ಟ್ಯಾಂಕ್ ಹೊತ್ತ ಗಾಡಿಯು ಇಳಿಜಾರಿನಲ್ಲಿ ನಿಗದಿಪಡಿಸಿದ ವೇಗವನ್ನು ಮೀರಿ ಓಡತೊಡಗುತ್ತದೆ. ಏರಿನಲ್ಲಿಯೂ ಅದು ವೇಗ ಕುಸಿದ ಮೇಲೆಯೇ ಎಚ್ಚೆತ್ತು ಎಂಜಿನ್ನಿಗೆ ಒಮ್ಮೆಲೇ ಶ್ರಮ ಕೊಡುತ್ತದೆ. ಮುಂದಿನ ದಾರಿ ಕಾಣುವ ಚಾಲಕರು ಮೊದಲೇ ಮೆಲ್ಲಗೆ ಆಕ್ಸಿಲರೇಟರ್ ಒತ್ತುವುದೇ ಮೇಲು.

ಇಳಿಯುವಾಗ ತಿರುವಿಗೆ ಮುಂಚೆಯೇ ಕೆಳಗಿನ ಗೇರ್ ಹಾಕಿ, ಬ್ರೇಕನ್ನು ತುಳಿದೇ ಇರದೆ ಆಗಾಗ ಒತ್ತಿ ಬಿಡಬೇಕು. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ತಣಿಯುವವರೆಗೆ ಕಾಯಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವ ರೂಢಿಯಂತೂ ಜೀವಕ್ಕೇ ಅಪಾಯ.