ವೈನ್ ಕಪಾಟಿನ ಬಿಸಿ ಇಳಿದದ್ದು ಹೀಗೆ

ಚಿಕ್ಕಬಳ್ಳಾಪುರದ ನಮ್ಮ ಮನೆಯ ಹಾಲ್‌ನಲ್ಲಿ ವೈನ್‌ಗೆಂದೇ ಗಾಜಿನ ಬಾಗಿಲಿನ ಕಪಾಟಿದೆ. ಲೈಟ್ ಹಾಕಿದರೆ ನೋಡೋಕೆ ಬಲು ಚಂದ. ಆದರೆ ರಾತ್ರಿ ಹೊತ್ತಿಗೆ ಮೇಲಿನ ಶೆಲ್ಫಿನ ಬಾಟಲಿಗಳು ಬೆಚ್ಚಗಾಗುತ್ತಿದ್ದವು. ಒಂದರ ಕಾರ್ಕ್ ಸ್ವಲ್ಪ ಮೇಲೆದ್ದಿತ್ತು. ವೈನ್‌ಗೆ ಬೇಕಿರುವುದು ಸುಮಾರು 12–14 ಡಿಗ್ರಿ ತಂಪು. ಬಿಸಿಗೆ ಅದು ಹಿಗ್ಗಿ ಕಾರ್ಕನ್ನು ತಳ್ಳುತ್ತದೆ, ರುಚಿಯೂ ಕೆಡುತ್ತದೆ.

ಕಾರಣ ಒಳಗಿದ್ದ ಹ್ಯಾಲೊಜೆನ್ ಬಲ್ಬುಗಳು. ಅವು ಬೆಳಕಿಗಿಂತ ಶಾಖವನ್ನೇ ಜಾಸ್ತಿ ಕೊಡುತ್ತವೆ. ಅವನ್ನು ತೆಗೆಸಿ 2700 ಕೆಲ್ವಿನ್‌ನ (ಇದು ಬಿಸಿಯಲ್ಲ, ಬೆಳಕಿನ ಬಣ್ಣದ ಅಳತೆ) ಎಲ್ಇಡಿ ಪಟ್ಟಿ ಹಾಕಿಸಿದೆ. ಹಳದಿ ಬೆಳಕು ಕಣ್ಣಿಗೂ ಹಿತ. ಪಟ್ಟಿಯನ್ನು ಸುಮ್ನೆ ಮರಕ್ಕೆ ಅಂಟಿಸಬೇಡಿ, ಅಲ್ಯೂಮಿನಿಯಂ ಚಾನಲ್‌ನಲ್ಲಿ ಕೂರಿಸಿ. ಶಾಖ ಲೋಹಕ್ಕೆ ಹರಡುತ್ತದೆ, ಅಂಟು ಬೇಗ ಬಿಡುವುದಿಲ್ಲ. ಪಟ್ಟಿಗೆ ತಕ್ಕಂತೆ ಕರೆಂಟ್ ಕೊಡುವ ಡ್ರೈವರ್ ಎಂಬ ಪೆಟ್ಟಿಗೆ ಕೂಡ ಬಿಸಿಯಾಗುತ್ತದೆ ಅಲ್ವಾ, ಅದನ್ನು ಕಪಾಟಿನ ಹೊರಗಿಡಿಸಿದೆ. ಹಿಂಬದಿಯ ಹಲಗೆಯಲ್ಲಿ ಕೆಳಗೂ ಮೇಲೂ ತೂತು ಕೊರೆಸಿದೆ. ಬಿಸಿ ಗಾಳಿ ಮೇಲಿಂದ ಹೋಗುತ್ತದೆ, ತಣ್ಣನೆಯದು ಕೆಳಗಿಂದ ಬರುತ್ತದೆ. ಈಗ ಬಾಟಲಿಗಳು ಕೋಣೆಯಷ್ಟೇ ತಣ್ಣಗಿರುತ್ತವೆ.

ಬಣ್ಣವಿಲ್ಲದ ಗಾಜಿನ ಬಾಟಲಿಗಳನ್ನು ಮಾತ್ರ ಬೆಳಕು ಬೀಳದ ಕಡೆ ಇಟ್ಟಿದ್ದೇನೆ. ಬೆಳಕಿಗೆ ಬೇಗ ಕೆಡುವುದು ಅವೇ. ಕಾರ್ಕ್ ಇರುವವನ್ನು ಮಲಗಿಸಿಡಿ, ಕಾರ್ಕ್ ಒಣಗಬಾರದು. ತಿರುಗಿಸುವ ಮುಚ್ಚಳದವು ನಿಂತರೂ ಪರವಾಗಿಲ್ಲ.

ಎಲ್ಇಡಿ ಬಿಸಿ ತಪ್ಪಿಸುತ್ತದೆ, ಆದರೆ ತಂಪು ಮಾಡುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಸಾಲದು. ಹಾಗಾಗಿ ಬೇಗ ಕುಡಿದು ಮುಗಿಸುವ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನ್ ಇಲ್ಲಿರುತ್ತದೆ. ವರ್ಷಗಟ್ಟಲೆ ಇಡುವ ಬಾಟಲಿಗಳು ವೈನ್ ಫ್ರಿಜ್‌ಗೆ ಹೋದವು.