ಕತ್ತಿ ಎತ್ತಿದ ಮೇಲೆ: ಮಧ್ಯಯುಗದ ಕಾಳಗದ ಆಟಗಳನ್ನು ಹೋಲಿಸುವುದು ಹೇಗೆ?

ಆಟಗಳ ರಿಯಾಯಿತಿ ಮಾರಾಟ ಶುರುವಾದಾಗಲೆಲ್ಲ ಗೆಳೆಯರಿಂದ ಬರುವ ಪ್ರಶ್ನೆ ಒಂದೇ. ಮಧ್ಯಯುಗದ ಕತ್ತಿ ಕಾಳಗದ ವಿಡಿಯೊ ಗೇಮ್ ಒಂದನ್ನು ಕೊಳ್ಳಬೇಕು, ಯಾವುದು ಒಳ್ಳೆಯದು? ಟ್ರೇಲರ್ ನೋಡಿದರೆ ಎಲ್ಲವೂ ಒಂದೇ ಥರ: ಮೋಡ ಕವಿದ ಬಯಲು, ಕೂಗುತ್ತ ನುಗ್ಗುವ ಸೈನಿಕರು, ಕೆಸರು, ರಕ್ತ. ಯಾವುದು ಹೆಚ್ಚು ನೈಜ ಎಂಬ ಅಳತೆಗೋಲು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಿಜವಾದ ಉದ್ದ ಕತ್ತಿ ಒಂದೂವರೆ ಕಿಲೋದಷ್ಟು ತೂಗುತ್ತಿತ್ತು. ಆ ತೂಕ ಮೌಸ್ ಹಿಡಿದ ಕೈಗೆ ಎಂದೂ ತಿಳಿಯುವುದಿಲ್ಲ. ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಏಟು ಶುರುವಾದ ಮೇಲೆ ಅದನ್ನು ಬದಲಿಸಲು ಆಟ ಎಷ್ಟು ಅವಕಾಶ ಕೊಡುತ್ತದೆ? ಎದುರು ನಿಂತವನು ಏನನ್ನು ನೋಡಿ ತಡೆಯಬೇಕು? ಈ ಎರಡಕ್ಕೆ ಉತ್ತರ ಸಿಕ್ಕರೆ ಆಟದ ಸ್ವಭಾವ ತಿಳಿದಂತೆ.

ಹೋಲಿಕೆಗೆ ನಾಲ್ಕು ಆಟಗಳನ್ನು ತೆಗೆದುಕೊಂಡಿದ್ದೇನೆ. ಟರ್ಕಿಯ ಅಂಕಾರಾದ ಟೇಲ್‌ವರ್ಲ್ಡ್ಸ್ ಸಂಸ್ಥೆಯ 'ಮೌಂಟ್ ಅಂಡ್ ಬ್ಲೇಡ್: ವಾರ್‌ಬ್ಯಾಂಡ್' (2010), ಪ್ರಾಗ್‌ನ ವಾರ್‌ಹಾರ್ಸ್ ಸ್ಟುಡಿಯೋಸ್‌ನ 'ಕಿಂಗ್‌ಡಮ್ ಕಮ್: ಡೆಲಿವರೆನ್ಸ್' (2018), ಟ್ರೈಟರ್ನಿಯನ್‌ನ 'ಮೋರ್ಡ್‌ಹೌ' (2019), ಮತ್ತು ಕೆನಡಾದ ಟೊರಾಂಟೊ ನಗರದ ಟಾರ್ನ್ ಬ್ಯಾನರ್‌ನ 'ಶಿವಲ್ರಿ 2' (2021). ಎಲ್ಲವನ್ನೂ ಪಾತ್ರದ ಕಣ್ಣಿನಿಂದಲೇ, ಅಂದರೆ ಫಸ್ಟ್ ಪರ್ಸನ್ ನೋಟದಲ್ಲಿ ಆಡಬಹುದು. ಕೆಲವದರಲ್ಲಿ ಪಾತ್ರದ ಬೆನ್ನ ಹಿಂದಿನಿಂದ ನೋಡುವ ಸೌಲಭ್ಯವೂ ಇದೆ. ಹೋಲಿಸುವಾಗ ಅದನ್ನು ಬಳಸಬೇಡಿ. ಬೆನ್ನ ಹಿಂದೆ ಬರುವವನು ಕಾಣಿಸಿಬಿಟ್ಟರೆ ಕಾಳಗದ ಲೆಕ್ಕಾಚಾರವೇ ಬೇರೆಯಾಗುತ್ತದೆ.

ಹಂತ 1: ಒಂದೇ ಆಯುಧ, ಒಬ್ಬನೇ ಎದುರಾಳಿ

ನಾಲ್ಕೂ ಆಟಗಳಲ್ಲಿ ಎರಡು ಕೈಗಳಲ್ಲಿ ಹಿಡಿಯುವ ಉದ್ದ ಕತ್ತಿಯನ್ನೇ ಆರಿಸಿಕೊಳ್ಳಿ. ಗುರಾಣಿ ಬೇಡ. ಮೋರ್ಡ್‌ಹೌ ಮತ್ತು ಶಿವಲ್ರಿ 2ರಲ್ಲಿ ಕಂಪ್ಯೂಟರೇ ಆಡಿಸುವ ಎದುರಾಳಿಗಳ ಜೊತೆ ಅಭ್ಯಾಸ ಮಾಡಬಹುದು. ವಾರ್‌ಬ್ಯಾಂಡ್‌ನಲ್ಲಿ ಪಟ್ಟಣಗಳ ಮಲ್ಲರಂಗಗಳಿವೆ. ಕಿಂಗ್‌ಡಮ್ ಕಮ್‌ನಲ್ಲಿ ರಾಟೈ ಊರಿನ ಕ್ಯಾಪ್ಟನ್ ಬರ್ನಾರ್ಡ್ ಅಭ್ಯಾಸದ ಅಂಗಳದಲ್ಲಿ ಕಾದಿರುತ್ತಾನೆ. ಅವನ ಹತ್ತಿರ ಮರದ ಕತ್ತಿ ಹಿಡಿದು ಕಳೆದ ಹೊತ್ತು ವ್ಯರ್ಥವಾಗುವುದಿಲ್ಲ. ಕಥೆ ಮುಂದಕ್ಕೆ ಹೋಗಲಿ ಎಂಬ ಆತುರದಲ್ಲಿ ಅವನನ್ನು ಬಿಟ್ಟು ಹೋದವರೇ ಆಟ ಕಷ್ಟ ಎಂದು ಅರ್ಧಕ್ಕೆ ಕೈಬಿಡುತ್ತಾರೆ.

ಹಂತ 2: ಏಟನ್ನು ಮೂರು ತುಂಡು ಮಾಡಿ

ಯಾವ ಆಟದಲ್ಲೇ ಆಗಲಿ, ಒಂದು ಏಟಿಗೆ ಮೂರು ಭಾಗ: ಕತ್ತಿ ಎತ್ತುವುದು, ಬೀಸುವುದು, ಬೀಸಿದ ಮೇಲೆ ಸಾವರಿಸಿಕೊಳ್ಳುವುದು. ಎತ್ತುವಾಗ ಎದುರಾಳಿಗೆ ಸೂಚನೆ ಸಿಗುತ್ತದೆ. ಬೀಸುವಾಗ ಮಾತ್ರ ಅಲಗು ಗಾಯ ಮಾಡುತ್ತದೆ. ಸಾವರಿಸಿಕೊಳ್ಳುವಾಗ ನೀವು ಬಯಲಿಗೆ ಬಿದ್ದಿರುತ್ತೀರಿ. ಒಂದೇ ಏಟನ್ನು ಹತ್ತು ಸಲ ಗಾಳಿಯಲ್ಲಿ ಬೀಸಿ, ಈ ಮೂರರಲ್ಲಿ ಯಾವುದು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಮನಿಸಿ.

ವಾರ್‌ಬ್ಯಾಂಡ್‌ನಲ್ಲಿ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಕತ್ತಿ ಎತ್ತಿಯೇ ಇರುತ್ತದೆ, ಬಿಟ್ಟಾಗಲೇ ಇಳಿಯುತ್ತದೆ. ಹಾಗಾಗಿ ಅಲ್ಲಿನ ದ್ವಂದ್ವ ಯುದ್ಧದಲ್ಲಿ ಇಬ್ಬರೂ ಕತ್ತಿ ಎತ್ತಿ ಹಿಡಿದು ಒಬ್ಬರನ್ನೊಬ್ಬರು ಸುತ್ತುವ, ಉಸಿರು ಬಿಗಿಹಿಡಿಯುವಂಥ ಕ್ಷಣಗಳಿವೆ. ಮೋರ್ಡ್‌ಹೌನಲ್ಲಿ ಹಾಗಿಲ್ಲ. ಒಮ್ಮೆ ಎತ್ತಿದರೆ ಇಳಿಯಲೇಬೇಕು, ಇಲ್ಲವೇ ಏಟನ್ನು ರದ್ದು ಮಾಡಿ ಅದನ್ನು ಹುಸಿ ಏಟಾಗಿಸಬೇಕು, ಅಥವಾ ಬೀಸಲು ಎತ್ತಿದ್ದನ್ನು ನಡುವೆಯೇ ತಿವಿತಕ್ಕೆ ತಿರುಗಿಸಬೇಕು. ಈ ಕೊನೆಯ ತಂತ್ರಕ್ಕೆ ಆಟಗಾರರು 'ಮಾರ್ಫ್' ಎನ್ನುತ್ತಾರೆ.

ಇನ್ನೊಂದು ಸಂಗತಿ ಎಲ್ಲಕ್ಕಿಂತ ಮುಖ್ಯ. ಮೋರ್ಡ್‌ಹೌ ಮತ್ತು ಶಿವಲ್ರಿಯಲ್ಲಿ ಬೀಸುವಾಗಲೂ ನೀವು ಮೈ ತಿರುಗಿಸಬಹುದು. ಬಲದಿಂದ ಎಡಕ್ಕೆ ಬೀಸುತ್ತಿದ್ದೀರಿ ಎನ್ನಿ. ಕತ್ತಿಯ ಜೊತೆಗೇ ಎಡಕ್ಕೆ ತಿರುಗಿದರೆ ಅಲಗು ಬೇಗ ತಾಕುತ್ತದೆ. ಎದುರು ದಿಕ್ಕಿಗೆ ವಾಲಿದರೆ ಅದೇ ಏಟು ತಡವಾಗಿ ತಾಕುತ್ತದೆ. ಇದಕ್ಕೆ 'ಡ್ರ್ಯಾಗ್' ಎಂದು ಹೆಸರು. ನನಗೆ ಇದು ಅರ್ಥವಾದದ್ದು ಒಂದು ಸೋಲಿನಿಂದ. ಎದುರಾಳಿ ಕತ್ತಿ ಎತ್ತಿದ, ನಾನು ಸರಿಯಾದ ಹೊತ್ತಿಗೇ ತಡೆ ಒಡ್ಡಿದೆ ಅಂದುಕೊಂಡೆ. ಅವನು ಭುಜವನ್ನು ಹಿಂದಕ್ಕೆ ಹೊರಳಿಸಿ ಆಕಾಶ ನೋಡಿದ. ನನ್ನ ಕತ್ತಿ ಮೇಲೆದ್ದು, ಅಲ್ಲಿ ಯಾವ ಏಟೂ ಇಲ್ಲದೆ, ಕೆಳಗಿಳಿಯತೊಡಗಿತು. ಆಗ ಅವನ ಅಲಗು ಬಂತು. ಆ ತುಣುಕನ್ನು ರೆಕಾರ್ಡ್ ಮಾಡಿಕೊಂಡು ನಿಧಾನಗತಿಯಲ್ಲಿ ನೋಡಿದಾಗ ತಿಳಿದದ್ದು ಇಷ್ಟು: ನಾನು ಅವನ ಕೈಯನ್ನು ನೋಡುತ್ತಿದ್ದೆ, ಅಲಗನ್ನು ನೋಡಬೇಕಿತ್ತು.

2012ರ ಮೊದಲ 'ಶಿವಲ್ರಿ'ಯಲ್ಲಿ ಈ ತಿರುಗುವ ಸ್ವಾತಂತ್ರ್ಯ ಅತಿರೇಕಕ್ಕೆ ಹೋಗಿತ್ತು. ಎದುರಾಳಿಗೆ ಬೆನ್ನು ಹಾಕಿ ತಲೆಯ ಮೇಲಿಂದ ಹಿಂದಕ್ಕೆ ಕತ್ತಿ ಇಳಿಸುವವರು, ಬುಗುರಿಯಂತೆ ಸುತ್ತುವವರು ಕಣದ ತುಂಬ ಇದ್ದರು. ಮೋರ್ಡ್‌ಹೌ ಏಟಿನ ನಡುವೆ ತಿರುಗುವ ವೇಗಕ್ಕೇ ಮಿತಿ ಹಾಕಿತು. ತಂತ್ರವನ್ನು ಉಳಿಸಿ ವಿಕಾರವನ್ನು ಕಳೆದ ಆ ನಿರ್ಧಾರ ನನ್ನ ಪ್ರಕಾರ ಈ ಬಗೆಯ ಆಟಗಳಲ್ಲೇ ಅತ್ಯಂತ ವಿವೇಕದ್ದು.

ಹಂತ 3: ದಿಕ್ಕುಗಳನ್ನು ಎಣಿಸಿ

ವಾರ್‌ಬ್ಯಾಂಡ್‌ನಲ್ಲಿ ನಾಲ್ಕು ದಿಕ್ಕು: ಮೇಲಿನಿಂದ, ಎಡದಿಂದ, ಬಲದಿಂದ, ಮತ್ತು ತಿವಿತ. ಶಿವಲ್ರಿ 2ರಲ್ಲಿ ಪಕ್ಕದಿಂದ ಬೀಸುವುದು, ಮೇಲಿನಿಂದ ಇಳಿಸುವುದು, ತಿವಿಯುವುದು ಎಂದು ಮೂರು ಬಗೆ; ಗುಂಡಿಯನ್ನು ಒತ್ತಿ ಹಿಡಿದರೆ ಪ್ರತಿಯೊಂದಕ್ಕೂ ಭಾರಿ ಏಟಿನ ರೂಪವಿದೆ. ಮೋರ್ಡ್‌ಹೌನಲ್ಲಿ ಮೌಸ್ ಸರಿದ ಕೋನವೇ ಏಟಿನ ಕೋನ. ಕಿಂಗ್‌ಡಮ್ ಕಮ್‌ನಲ್ಲಿ ಪರದೆಯ ನಡುವೆ ಐದು ಮೂಲೆಯ ನಕ್ಷತ್ರ ಮೂಡುತ್ತದೆ, ಮೂಲೆಗೊಂದು ದಿಕ್ಕು. 2025ರಲ್ಲಿ ಬಂದ ಅದರ ಎರಡನೇ ಭಾಗ ಐದನ್ನು ನಾಲ್ಕಕ್ಕೆ ಇಳಿಸಿದೆ. ದಿಕ್ಕು ಹೆಚ್ಚಿದಷ್ಟೂ ಆಟ ಆಳವಾಗುತ್ತದೆ ಎಂದು ತಿಳಿಯಬೇಡಿ. ಆಳ ಇರುವುದು ಮುಂದಿನ ಹಂತದಲ್ಲಿ.

ಹಂತ 4: ಹೊಡೆಯುವುದನ್ನು ನಿಲ್ಲಿಸಿ, ತಡೆಯಿರಿ

ಐದು ನಿಮಿಷ ಒಂದೇ ಒಂದು ಏಟನ್ನೂ ಹಾಕದೆ ಬರೀ ತಡೆಯುತ್ತ ನಿಲ್ಲಿ. ಆಟದ ನಿಜ ಬಣ್ಣ ಬಯಲಾಗುವುದು ಇಲ್ಲಿ.

ವಾರ್‌ಬ್ಯಾಂಡ್ ಕೇಳುವುದು ದಿಕ್ಕನ್ನು. ಬರುವ ಏಟಿನ ದಿಕ್ಕಿಗೆ ನಿಮ್ಮ ತಡೆಯ ದಿಕ್ಕು ಹೊಂದಲೇಬೇಕು. ಹೊಂದಿದರೆ ಸಾಕು, ತಡೆಯನ್ನು ಎಷ್ಟು ಹೊತ್ತು ಹಿಡಿದರೂ ಆದೀತು. ಗುರಾಣಿ ಇದ್ದರೆ ಆ ಚಿಂತೆಯೂ ಇಲ್ಲ, ಅದು ಒಡೆಯುವವರೆಗೆ. ಒಬ್ಬರೇ ಆಡುವಾಗ ದಿಕ್ಕನ್ನು ಆಟವೇ ಆರಿಸಿಕೊಡುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿದೆ. ಕಲಿಯುವ ಮನಸ್ಸಿದ್ದರೆ ಅದನ್ನು ಮೊದಲ ದಿನವೇ ಬಂದ್ ಮಾಡಿಬಿಡಿ.

ಮೋರ್ಡ್‌ಹೌ ಕೇಳುವುದು ಹೊತ್ತನ್ನು. ಗುಂಡಿ ಒತ್ತಿದರೆ ತಡೆ ಕ್ಷಣಮಾತ್ರ ತೆರೆದು ಮುಚ್ಚಿಕೊಳ್ಳುತ್ತದೆ. ದಿಕ್ಕಿನ ಹಂಗಿಲ್ಲ, ಏಟು ಬರುವ ಕಡೆ ಮುಖವಿರಬೇಕು ಅಷ್ಟೆ. ಬೇಗ ಒತ್ತಿದರೂ ತಪ್ಪು, ತಡವಾದರೂ ತಪ್ಪು. ಡ್ರ್ಯಾಗ್ ಮತ್ತು ಹುಸಿ ಏಟುಗಳಿಗೆ ಅಷ್ಟೊಂದು ಬಲ ಬಂದಿರುವುದು ಇದರಿಂದಲೇ. ತಡೆದ ಕೂಡಲೇ ಮರುಏಟು ಹಾಕಬಹುದು. ಇನ್ನೂ ಪಳಗಿದವರು ತಡೆಯುವ ಗೋಜಿಗೇ ಹೋಗದೆ, ಏಟು ಬರುವ ಕಡೆಯಿಂದಲೇ ಅದೇ ಬಗೆಯ ಏಟನ್ನು ಹಾಕಿ ಕತ್ತಿಗೆ ಕತ್ತಿ ಕೊಡುತ್ತಾರೆ. ಇದು 'ಚೇಂಬರ್'. ಇದನ್ನು ಕೈಗೂಡಿಸಿಕೊಳ್ಳಲು ವಾರಗಟ್ಟಲೆ ಬೇಕು.

ಶಿವಲ್ರಿ 2 ಇಷ್ಟು ಕಠಿಣವಲ್ಲ. ತಡೆಯನ್ನು ಒತ್ತಿ ಹಿಡಿಯಬಹುದು, ಅದು ಮುಂದಿನ ಅಗಲವಾದ ಜಾಗವನ್ನು ಕಾಯುತ್ತದೆ. ಹೊಸಬರು ಮೊದಲ ಸಂಜೆಯೇ ನಗುತ್ತ ಆಡಲು ಕಾರಣ ಇದೇ.

ಕಿಂಗ್‌ಡಮ್ ಕಮ್ ಬಗ್ಗೆ ನನಗೊಂದು ದೂರಿದೆ. ಎದುರಾಳಿ ಹೊಡೆಯಹೊರಟಾಗ ಹಸಿರು ಗುರಾಣಿಯ ಗುರುತು ಮಿಂಚುತ್ತದೆ. ಆಗ ತಡೆದರೆ ಅದು ಪರಿಪೂರ್ಣ ತಡೆ. ಬರ್ನಾರ್ಡ್‌ನಿಂದ 'ಮಾಸ್ಟರ್ ಸ್ಟ್ರೈಕ್' ಕಲಿತ ಮೇಲೆ ಆ ತಡೆ ತಾನಾಗಿಯೇ ಮರುಏಟಾಗುತ್ತದೆ. ಅಲ್ಲಿಂದ ಮುಂದೆ ಸುಮ್ಮನೆ ನಿಂತು ಕಾಯುವವನೇ ಗೆಲ್ಲುತ್ತಾನೆ, ಏಕೆಂದರೆ ಶತ್ರುಗಳೂ ಅದನ್ನೇ ಮಾಡುತ್ತಾರೆ. 1403ರ ಬೊಹೀಮಿಯಾದ (ಇಂದಿನ ಚೆಕ್ ದೇಶದ ಭಾಗ) ಕಮ್ಮಾರನ ಮಗ, ಕಥಾನಾಯಕ ಹೆನ್ರಿ ಕತ್ತಿ ಹಿಡಿಯಲೂ ಬಾರದ ಸ್ಥಿತಿಯಿಂದ ಅಂಗುಲ ಅಂಗುಲವಾಗಿ ಕಲಿಯುವ ಅಷ್ಟು ಸುಂದರವಾದ ಆಟ, ಕೊನೆಗೆ ಒಂದು ಗುಂಡಿಯ ಕಾಯುವಿಕೆಗೆ ಇಳಿಯುವುದು ನೋವಿನ ಮಾತು. ಎರಡನೇ ಭಾಗದಲ್ಲಿ ಈ ವಿದ್ಯೆ ಕತ್ತಿಗೆ ಮಾತ್ರ ಸೀಮಿತವಾಗಿದೆ; ಎದುರಾಳಿಯ ಏಟಿಗೆ ವಿರುದ್ಧ ದಿಕ್ಕನ್ನು ಹಿಡಿದರೆ ಮಾತ್ರ ನಡೆಯುತ್ತದೆ. ತಯಾರಕರು ತಪ್ಪನ್ನು ಸರಿಯಾಗಿ ಗುರುತಿಸಿದ್ದಾರೆ.

ಹಂತ 5: ದಮ್ಮು ಎಲ್ಲಿ ಖರ್ಚಾಗುತ್ತದೆ?

ಮೋರ್ಡ್‌ಹೌನಲ್ಲಿ ಜೀವ 100, ದಮ್ಮು 100. ಗಾಳಿಗೆ ಬೀಸಿದರೆ ದಮ್ಮು ಹೋಗುತ್ತದೆ, ತಡೆದರೂ ಹೋಗುತ್ತದೆ. ಬರಿದಾದಾಗ ತಡೆದರೆ ಕೈಯಿಂದ ಕತ್ತಿಯೇ ಹಾರಿಹೋಗುತ್ತದೆ. ಕಿಂಗ್‌ಡಮ್ ಕಮ್‌ನಲ್ಲಿ ಗಾಯವಾದಷ್ಟೂ ದಮ್ಮಿನ ಮೇಲ್ಮಿತಿಯೇ ಕುಗ್ಗುತ್ತದೆ. ಪೆಟ್ಟು ತಿಂದವನು ಬೇಗ ಏದುಸಿರು ಬಿಡುತ್ತಾನೆ. ವಾರ್‌ಬ್ಯಾಂಡ್‌ನಲ್ಲಿ ಈ ಲೆಕ್ಕವೇ ಇಲ್ಲ.

ಹಂತ 6: ಕವಚಕ್ಕೆ ಬೆಲೆ ಇದೆಯೇ?

ಬರಿಮೈಯವನಿಗೂ ಉಕ್ಕು ತೊಟ್ಟವನಿಗೂ ಅದೇ ಕತ್ತಿಯಿಂದ ಹೊಡೆದು, ಬೀಳಲು ಎಷ್ಟು ಏಟು ಬೇಕಾಯಿತು ಎಂದು ಎಣಿಸಿ. ಆಮೇಲೆ ಗದೆ ಹಿಡಿದು ಮತ್ತೆ ಎಣಿಸಿ. ಮೋರ್ಡ್‌ಹೌ ಈ ಲೆಕ್ಕವನ್ನು ಮುಚ್ಚಿಡುವುದಿಲ್ಲ: ತಲೆ, ಎದೆ, ಕಾಲು, ಪ್ರತಿಯೊಂದಕ್ಕೂ ಕವಚದ ದರ್ಜೆಗೆ ತಕ್ಕಂತೆ ಯಾವ ಆಯುಧ ಎಷ್ಟು ಹಾನಿ ಮಾಡುತ್ತದೆ ಎಂದು ಆಯುಧ ಆರಿಸುವಲ್ಲೇ ತೋರಿಸುತ್ತದೆ. ಕೆಲವು ಕತ್ತಿಗಳಲ್ಲಿ ಹಿಡಿತವನ್ನು ತಲೆಕೆಳಗು ಮಾಡಿ, ಅಲಗನ್ನೇ ಹಿಡಿದು ಹಿಡಿಕೆಯ ಕಡೆಯಿಂದ ಬಡಿಯಬಹುದು. ಇದು ಕಟ್ಟುಕಥೆಯಲ್ಲ. 15ನೇ ಶತಮಾನದ ಜರ್ಮನ್ ಕತ್ತಿವರಸೆಯ ಕೈಪಿಡಿಗಳ ಚಿತ್ರಗಳಲ್ಲಿ ಕವಚ ತೊಟ್ಟವರು ಹೀಗೆಯೇ ಬಡಿದಾಡುತ್ತಾರೆ, ಆಟದ ಹೆಸರೂ ಆ ಏಟಿನದೇ. ಅಲಗು ಉಕ್ಕನ್ನು ಕೊಯ್ಯುವುದಿಲ್ಲ ಎಂಬ ಸರಳ ಸತ್ಯವನ್ನು ಆಟವೊಂದು ಹೀಗೆ ಕೈಗೇ ಕಲಿಸಿದಾಗ ನನಗೆ ಬಹಳ ಸಂತೋಷವಾಗುತ್ತದೆ.

ಹಂತ 7: ಜನರ ನಡುವೆ ಇಳಿಯುವ ಮುನ್ನ

ಮೋರ್ಡ್‌ಹೌ, ಶಿವಲ್ರಿ 2 ಎರಡರಲ್ಲೂ ಅರವತ್ತಕ್ಕೂ ಹೆಚ್ಚು ಮಂದಿಯ ಕಾಳಗಗಳಿವೆ. ಒಬ್ಬನೆದುರು ಕಲಿತದ್ದು ಮೂವರ ನಡುವೆ ಬೇಗ ಕರಗುತ್ತದೆ. ಅಲ್ಲಿ ಕಾಲೇ ಮುಖ್ಯ, ಹಿಂದೆ ಸರಿದು ಮೂವರನ್ನೂ ಒಂದೇ ಸಾಲಿಗೆ ತರಬೇಕು. ಕಿಂಗ್‌ಡಮ್ ಕಮ್‌ನಲ್ಲಿ ನೋಟ ಒಬ್ಬನಿಗೇ ಅಂಟಿಕೊಳ್ಳುವುದರಿಂದ ಗುಂಪಿನ ಜಗಳ ನಿಜಕ್ಕೂ ಹಿಂಸೆ.

ಕೊನೆಯದಾಗಿ, ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಆಡುವವರಿಗೆ ಒಂದು ಮಾತು. ಯುರೋಪಿನ ಸರ್ವರ್‌ಗೆ ಹೋಗಿಬರಲು ಸಂಕೇತಕ್ಕೆ ಇಲ್ಲಿಂದ 150 ಮಿಲಿಸೆಕೆಂಡ್‌ಗೂ ಹೆಚ್ಚು ಹಿಡಿಯುವುದು ಸಾಮಾನ್ಯ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಸ್ಪಂದಿಸಲು ಮನುಷ್ಯನಿಗೆ ಸುಮಾರು 200ರಿಂದ 250 ಮಿಲಿಸೆಕೆಂಡ್ ಬೇಕು. ಎರಡೂ ಕೂಡಿದರೆ ಹೊತ್ತು ನೋಡಿ ತಡೆಯುವ ಆಟದಲ್ಲಿ ನೀವು ಸದಾ ಒಂದು ಹೆಜ್ಜೆ ಹಿಂದೆ. ಸರ್ವರ್ ಪಟ್ಟಿಯನ್ನು ಪಿಂಗ್ (ಸಂಕೇತ ಹೋಗಿಬರುವ ಹೊತ್ತು) ಪ್ರಕಾರ ಜೋಡಿಸಿ, ಎಲ್ಲಕ್ಕಿಂತ ಹತ್ತಿರದ್ದನ್ನು ಆರಿಸಿ. ಅದೂ ದೂರವೇ ಆದರೆ ಮೋರ್ಡ್‌ಹೌ ಬದಲು ಶಿವಲ್ರಿ 2 ಕೊಳ್ಳಿ: ಒತ್ತಿ ಹಿಡಿದ ತಡೆ ಆ ವಿಳಂಬವನ್ನು ಬಹುಮಟ್ಟಿಗೆ ಮನ್ನಿಸುತ್ತದೆ.